ಮೊಬೈಲ್ ಸ್ಟಾರ್ಟರ್: 5 ಎಚ್‌ಪಿ ಬೋರ್‌ವೆಲ್ ಮೋಟಾರಿಗೆ ಎಂಥದ್ದು ಬೇಕು, ಎಲ್ಲಿ ಕೈಕೊಡುತ್ತದೆ

ಪಂಪ್‌ಸೆಟ್ ಲೈನಿಗೆ ಸರ್ಕಾರದ ಲೆಕ್ಕದಲ್ಲಿ ತ್ರೀ ಫೇಸ್ ಕರೆಂಟ್ ಸಿಗಬೇಕಾದದ್ದು ದಿನಕ್ಕೆ 7 ಗಂಟೆ. ಆ ಏಳು ಗಂಟೆ ಒಂದೇ ಗಂಟಿನಲ್ಲಿ ಬರುವುದು ಅಪರೂಪ. ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು ಎಂದೋ, ಈ ವಾರ ಹಗಲು ಪಾಳಿ, ಬರುವ ವಾರ ರಾತ್ರಿ ಪಾಳಿ ಎಂದೋ ಹಂಚಿಹೋಗಿರುತ್ತದೆ. ರಾತ್ರಿ ಒಂದು ಗಂಟೆಗೆ ಬ್ಯಾಟರಿ ಹಿಡಿದು ಹೊಲಕ್ಕೆ ನಡೆದು, ಒದ್ದೆ ನೆಲದ ಮೇಲೆ ನಿಂತು ತಗಡಿನ ಪೆಟ್ಟಿಗೆಯ ಹಸಿರು ಗುಂಡಿ ಒತ್ತಿ ಬರುವ ಕೆಲಸ ಎಂಥದ್ದೆಂದು ಬಯಲುಸೀಮೆಯಲ್ಲೂ ಮಲೆನಾಡಲ್ಲೂ ಬಿಡಿಸಿ ಹೇಳಬೇಕಿಲ್ಲ. ಹಾವು, ಕಾಡುಹಂದಿ, ಕಾಡಂಚಿನಲ್ಲಿ ಆನೆ, ಇವೆಲ್ಲಕ್ಕಿಂತ ಮಿಗಿಲಾಗಿ ಅರ್ತಿಂಗ್ ಸರಿಯಿಲ್ಲದ ಸ್ಟಾರ್ಟರ್ ಪೆಟ್ಟಿಗೆ. ಫೋನಿನಿಂದಲೇ ಮೋಟಾರು ಹಾಕಿ ಆರಿಸುವ ಮೊಬೈಲ್ ಸ್ಟಾರ್ಟರ್ ಎಂಬ ಸಾಧನ ಹುಟ್ಟಿದ್ದೇ ಈ ನಡಿಗೆಯನ್ನು ತಪ್ಪಿಸಲು.

ಇದು ಹೊಸದೇನಲ್ಲ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ನ್ಯಾನೊ ಗಣೇಶ್ 2009ರಲ್ಲೇ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಬಹುಮಾನ ಪಡೆದಿತ್ತು. ಈಗ ತಾಲ್ಲೂಕು ಕೇಂದ್ರದ ಪ್ರತಿ ಮೋಟಾರು ಅಂಗಡಿಯಲ್ಲೂ ಹತ್ತಾರು ಹೆಸರಿನ ಪೆಟ್ಟಿಗೆಗಳು ಸಿಗುತ್ತವೆ. ಕೊಯಮತ್ತೂರು, ರಾಜ್‌ಕೋಟ್, ಪುಣೆ, ಬೆಂಗಳೂರಿನ ಮಾಲು. ಹೆಸರು ಹಲವಾದರೂ ಒಳಗಿನ ಸರಕು ಮೂರೇ ಜಾತಿ. ಹಾಗಾಗಿ ಇಲ್ಲಿ ತೂಗಿ ನೋಡುತ್ತಿರುವುದು ಜಾತಿಗಳನ್ನು, ಯಾವುದೋ ಒಂದು ಕಂಪನಿಯನ್ನಲ್ಲ. ಅಳತೆಗೆ ಇಟ್ಟುಕೊಂಡಿರುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ಜೋಡಣೆ: 5 ಎಚ್‌ಪಿ ಸಬ್‌ಮರ್ಸಿಬಲ್ (ಬೋರಿನ ನೀರಿನೊಳಗೇ ಮುಳುಗಿರುವ ಮೋಟಾರು), ಡಿಒಎಲ್ ಸ್ಟಾರ್ಟರ್ (ಲೈನಿನ ವೋಲ್ಟೇಜನ್ನು ಮೋಟಾರಿಗೆ ಒಮ್ಮೆಲೇ ನೇರ ಕೊಡುವಂಥದ್ದು), ಒಂದೂವರೆ-ಎರಡು ಇಂಚು ನೀರಿನ ಬೋರ್, ಮುಂದೆ ಡ್ರಿಪ್ ಅಥವಾ ತೊಟ್ಟಿ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯಿಂದಲೇ ಮೋಟಾರು ಹಾಕಬಹುದು ಎಂಬ ಒಂದೇ ಕಾರಣಕ್ಕೆ ಕೊಂಡರೆ ದುಡ್ಡು ಅರ್ಧ ವ್ಯರ್ಥ. ಹಾಕಿದ ಮೇಲೆ ಬೋರಿನ ಹತ್ತಿರ ಏನಾಗುತ್ತಿದೆ ಎಂದು ಅದು ತಿರುಗಿ ಹೇಳಬೇಕು: ಎಷ್ಟು ವೋಲ್ಟು, ಎಷ್ಟು ಆಂಪ್ಸು, ನಿಜವಾಗಿ ಮೋಟಾರು ಓಡುತ್ತಿದೆಯೋ ಇಲ್ಲವೋ. ಆಂಪ್ಸ್ ಹೇಳದ ಮೊಬೈಲ್ ಸ್ಟಾರ್ಟರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಮೂರು ಜಾತಿ

ಮೊದಲನೆಯದು ಮಿಸ್ಡ್ ಕಾಲ್ ಪೆಟ್ಟಿಗೆ. ರಿಂಗ್ ಕೊಟ್ಟರೆ ಮೋಟಾರು ಆನ್, ಮತ್ತೊಮ್ಮೆ ಕೊಟ್ಟರೆ ಆಫ್. ಒಳಗೆ 2ಜಿ ಮೋಡೆಮ್, ಒಂದೆರಡು ರಿಲೇ (ಕರೆಂಟಿನಿಂದ ನಡೆಯುವ ಚಿಕ್ಕ ಸ್ವಿಚ್ಚು). ಇದಕ್ಕೆ ಕಣ್ಣಿಲ್ಲ. ರಿಲೇ ಎಳೆದಿದ್ದನ್ನೇ ‘ಮೋಟಾರ್ ಆನ್’ ಎಂದು ಮೆಸೇಜು ಕಳಿಸುತ್ತದೆ. ಸ್ಟಾರ್ಟರಿನೊಳಗೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್ ಸುಟ್ಟಿದ್ದರೂ, ಕೇಬಲ್ ಕಳುವಾಗಿದ್ದರೂ ಅದೇ ಮೆಸೇಜು. ಎರಡನೆಯದು ಕಾಲ್ ಮಾಡಿ ಒಂದು ಒತ್ತಿದರೆ ಆನ್, ಎರಡು ಒತ್ತಿದರೆ ಆಫ್, ಮೂರು ಒತ್ತಿದರೆ ಸ್ಥಿತಿ ಹೇಳುವಂಥದ್ದು. ಯಾವ ಅಂಕಿಗೆ ಯಾವ ಕೆಲಸ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಒಳ್ಳೆಯವು ಕನ್ನಡದಲ್ಲೇ ಮಾತಾಡುತ್ತವೆ: ಮೂರು ಫೇಸಿನ ವೋಲ್ಟೇಜು, ಓಡುತ್ತಿರುವ ಆಂಪ್ಸು, ನಿಂತಿದ್ದರೆ ಯಾಕೆ ನಿಂತಿತು. ಇದರಲ್ಲಿ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಕಾವಲು), ಡ್ರೈ ರನ್ (ನೀರಿಲ್ಲದೆ ಓಡುವುದು) ಮತ್ತು ಓವರ್‌ಲೋಡ್ (ಹೊರೆ ಮೀರುವುದು) ತಡೆ, ಟೈಮರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಮೂರನೆಯದು 4ಜಿ ಆ್ಯಪ್ ಪೆಟ್ಟಿಗೆ. ದಿನದ ಓಡಾಟದ ಲೆಕ್ಕ, ಯಾರ ನಂಬರಿನಿಂದ ಯಾವಾಗ ಹಾಕಿದರು, ವಾರದ ವೇಳಾಪಟ್ಟಿ ಎಲ್ಲವೂ ಫೋನಿನಲ್ಲಿ ಕಾಣುತ್ತವೆ. ಅಣ್ಣತಮ್ಮಂದಿರು ಒಂದೇ ಬೋರನ್ನು ಪಾಳಿ ಮೇಲೆ ಬಳಸುವ ಕಡೆ ಜಗಳ ತಪ್ಪಿಸಲು ಈ ಲೆಕ್ಕವೊಂದೇ ಸಾಕು.

ಆ್ಯಪ್ ಪೆಟ್ಟಿಗೆಗೆ ಒಂದು ದೌರ್ಬಲ್ಯವಿದೆ. ನಿಮ್ಮ ಆಜ್ಞೆ ಹೋಗುವುದು ನೇರ ಹೊಲಕ್ಕಲ್ಲ, ಕಂಪನಿಯ ಸರ್ವರಿಗೆ, ಅಲ್ಲಿಂದ ಪೆಟ್ಟಿಗೆಗೆ. ಸರ್ವರ್ ಮಲಗಿದರೆ, ಕಂಪನಿ ಬಾಗಿಲು ಹಾಕಿದರೆ, ಎರಡನೇ ವರ್ಷದ ಚಂದಾ ಕಟ್ಟದಿದ್ದರೆ ಪೆಟ್ಟಿಗೆ ಗೋಡೆಗೆ ಹೊಡೆದ ತಗಡು. ಆ್ಯಪ್ ಜೊತೆಗೆ ಕಾಲ್ ಅಥವಾ ಎಸ್ಸೆಮ್ಮೆಸ್ಸಿನಲ್ಲೂ ಕೆಲಸ ಮಾಡುವ ಮಾದರಿಯನ್ನೇ ಆರಿಸಿ.

ಬೆಲೆ ಊರಿಂದ ಊರಿಗೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಎರಡನೇ ಜಾತಿಯ ಒಳ್ಳೆಯ ಪೆಟ್ಟಿಗೆ ಸುಮಾರು 4ರಿಂದ 6 ಸಾವಿರ, 4ಜಿ ಆ್ಯಪ್ ಮಾದರಿ 6 ಸಾವಿರದಿಂದ ಮೇಲೆ ಎಂದು ಅಂದಾಜಿಟ್ಟುಕೊಳ್ಳಬಹುದು. ಬೋರ್ ಎತ್ತಿಸಿ ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಒಂದು ಸಲದ ಖರ್ಚಿನ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ದುಬಾರಿಯೋ ಅಗ್ಗವೋ ಹೇಳಿ.

ಕೊಳ್ಳುವ ಮುನ್ನ ನಿಮ್ಮ ಸ್ಟಾರ್ಟರ್ ನೋಡಿ

ಮೊಬೈಲ್ ಪೆಟ್ಟಿಗೆ ತಾನಾಗಿ ಮೋಟಾರು ಎಬ್ಬಿಸುವುದಿಲ್ಲ. ನಿಮ್ಮ ಹಳೇ ಸ್ಟಾರ್ಟರಿನ ಹಸಿರು ಗುಂಡಿಯನ್ನೂ ಕೆಂಪು ಗುಂಡಿಯನ್ನೂ ನಿಮ್ಮ ಬದಲು ಒತ್ತುತ್ತದೆ, ಅಷ್ಟೇ. ಗುಂಡಿ ಇಲ್ಲದ, ಹಿಡಿ ಎಳೆದು ಹಾಕುವ ಆಯಿಲ್ ಸ್ಟಾರ್ಟರಿಗೆ ಇದು ಕೂರುವುದಿಲ್ಲ. ಸೆಮಿ ಆಟೋಮ್ಯಾಟಿಕ್ ಸ್ಟಾರ್ ಡೆಲ್ಟಾ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸಿ ಆಮೇಲೆ ಪೂರ್ತಿ ಕೊಡುವ ಸ್ಟಾರ್ಟರ್) ಇದ್ದರೆ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಸ್ಟಾರ್, ಬಿಟ್ಟ ಮೇಲೆ ಡೆಲ್ಟಾ; ಹಾಗಾಗಿ ಆನ್ ಪಲ್ಸ್ ಸಮಯವನ್ನು, ಅಂದರೆ ಪೆಟ್ಟಿಗೆ ಗುಂಡಿ ಒತ್ತಿ ಹಿಡಿಯುವ ಹೊತ್ತನ್ನು, 6ರಿಂದ 8 ಸೆಕೆಂಡಿಗೆ ಏರಿಸಲು ಬರುವ ಪೆಟ್ಟಿಗೆ ಬೇಕು. ಡಿಒಎಲ್‌ಗಾದರೆ 2 ಸೆಕೆಂಡು ಸಾಕು. ಸೋಲಾರ್ ಪಂಪಿನ ಡ್ರೈವ್ ಮುಂದೆ ಇದನ್ನು ಹಾಕಲೇಬೇಡಿ, ಅದಕ್ಕೆ ಬೇರೆ ವ್ಯವಸ್ಥೆ ಇದೆ.

ಕಾಂಟ್ಯಾಕ್ಟರಿನ ಕಾಯಿಲ್ ಎಷ್ಟು ವೋಲ್ಟಿನದು ಎಂಬುದು ಎರಡನೇ ಪ್ರಶ್ನೆ. ನಮ್ಮ ಕೃಷಿ ಸ್ಟಾರ್ಟರುಗಳಲ್ಲಿ ಬಹುಪಾಲು 415 ವೋಲ್ಟಿನ ಕಾಯಿಲ್ ಇರುತ್ತದೆ. ಅಗ್ಗದ ಪೆಟ್ಟಿಗೆಗಳ ರಿಲೇ ಮೇಲೆ ಬರೆದಿರುವುದು 250 ವೋಲ್ಟು. ಪ್ರತಿ ಸಲ ಆಫ್ ಮಾಡುವಾಗ ಅದರ ಪಾಯಿಂಟುಗಳಲ್ಲಿ ಕಿಡಿ ಹಾರುತ್ತದೆ, ಕೆಲವು ತಿಂಗಳಲ್ಲಿ ಪಾಯಿಂಟು ಕರಗಿ ಅಂಟುತ್ತದೆ. ಆಮೇಲೆ ನೀವು ಎಷ್ಟು ಸಲ ಆಫ್ ಕೊಟ್ಟರೂ ಮೋಟಾರು ನಿಲ್ಲುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ: 415 ವೋಲ್ಟ್ ಕಾಯಿಲಿಗೆ ನೇರ ಕೊಡಬಹುದಾ? ಮಾಲೀಕರು ತಡವರಿಸಿದರೆ ಬಾಕ್ಸಿನ ಮೇಲಿನ ಬರಹ ಓದಿ ನೋಡಿ.

ಮೂರನೆಯದು ನ್ಯೂಟ್ರಲ್. ಪಂಪ್‌ಸೆಟ್ ಲೈನಿನಲ್ಲಿ ನ್ಯೂಟ್ರಲ್ ತಂತಿ ಇರುವುದೇ ಅನುಮಾನ. ಇದ್ದರೂ ಎಲ್ಲೋ ತುಂಡಾಗಿರುತ್ತದೆ. ನ್ಯೂಟ್ರಲ್ ಬೇಡುವ ಪೆಟ್ಟಿಗೆ ತಂದವರು ಕೊನೆಗೆ ಕೇಸಿಂಗ್ ಪೈಪಿಗೋ ಸ್ಟಾರ್ಟರ್ ಬಾಡಿಗೋ ತಂತಿ ಸುತ್ತಿ ಅರ್ತನ್ನೇ ನ್ಯೂಟ್ರಲ್ ಮಾಡಿಬಿಡುತ್ತಾರೆ. ಇದು ಎರಡು ಕಡೆಯಿಂದ ಕೆಟ್ಟದ್ದು. ಅರ್ತ್ ಒಣಗಿದ ದಿನ ಪೆಟ್ಟಿಗೆಗೆ ವೋಲ್ಟೇಜು ಏರಿಳಿದು ಅದರ ಪವರ್ ಸಪ್ಲೈ ಸುಡುತ್ತದೆ, ಜೊತೆಗೆ ಕೇಸಿಂಗ್ ಮುಟ್ಟಿದವರಿಗೆ ಹೊಡೆಯುತ್ತದೆ. ಆರ್, ವೈ, ಬಿ ಮೂರು ತಂತಿಯಲ್ಲೇ ನಡೆಯುವ, ಅದರಲ್ಲಿ ಎರಡೇ ಫೇಸ್ ಇದ್ದರೂ ಎಚ್ಚರವಾಗಿರುವ ಪೆಟ್ಟಿಗೆಯೇ ಬೇಕು.

ಜೋಡಿಸುವ ಬಗೆ

ಮೇನ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಮುಚ್ಚಳ ತೆಗೆಯಬೇಕು. ಕಾಂಟ್ಯಾಕ್ಟರಿಗೆ ಕರೆಂಟ್ ಒಳಬರುವ ಕಡೆಯಿಂದ ಮೂರು ಫೇಸನ್ನೂ 2 ಆಂಪ್ಸ್ ಫ್ಯೂಸ್ ಮೂಲಕ ಪೆಟ್ಟಿಗೆಗೆ ಕೊಡಿ. ಪೆಟ್ಟಿಗೆಯ ಆನ್ ರಿಲೇಯ ಎರಡು ತಂತಿ ಹಸಿರು ಗುಂಡಿಯ ಎರಡು ಸ್ಕ್ರೂಗೆ ಸಮಾನಾಂತರವಾಗಿ ಹೋಗುತ್ತವೆ. ಆಫ್ ರಿಲೇಗೆ ಕೆಂಪು ಗುಂಡಿಯ ಒಂದು ತಂತಿ ಬಿಚ್ಚಿ ಅದರ ನಡುವೆ ಸೇರಿಸಬೇಕು. ಕಂಟ್ರೋಲ್ ತಂತಿ ಒಂದೂವರೆ ಚದರ ಎಂಎಂ ತಾಮ್ರದ್ದಾಗಲಿ, ತುದಿಗೆ ಲಗ್ ಒತ್ತಿರಲಿ.

ಇಲ್ಲಿ ಒಂದು ಸೂಕ್ಷ್ಮ. ಕೆಲವು ಪೆಟ್ಟಿಗೆಗಳಲ್ಲಿ ಆಫ್ ರಿಲೇ ಸುಮ್ಮನಿದ್ದಾಗ ದಾರಿ ಬಿಟ್ಟಿರುತ್ತದೆ. ಪೆಟ್ಟಿಗೆ ಕೆಟ್ಟರೂ ಹೊಲಕ್ಕೆ ಹೋಗಿ ಕೈಯಲ್ಲಿ ಮೋಟಾರು ಹಾಕಬಹುದು. ಇನ್ನು ಕೆಲವಲ್ಲಿ ರಿಲೇ ಎಳೆದುಕೊಂಡಿದ್ದರೆ ಮಾತ್ರ ದಾರಿ. ಪೆಟ್ಟಿಗೆ ಸತ್ತರೆ ಮೋಟಾರೂ ಸತ್ತಂತೆ. ಎರಡನೇ ಬಗೆಯದಾದರೆ ಬೈಪಾಸ್ ಸ್ವಿಚ್ ಒಂದನ್ನು ಅಂದೇ ಹಾಕಿಸಿ. ಬೇಸಿಗೆಯಲ್ಲಿ ಅಡಿಕೆ ಗಿಡ ಒಣಗುವಾಗ ಮೆಕ್ಯಾನಿಕ್ ಮೂರು ದಿನ ಬಿಟ್ಟು ಬರುತ್ತೇನೆ ಎಂದರೆ ಆ ಸ್ವಿಚ್ಚಿನ ಬೆಲೆ ತಿಳಿಯುತ್ತದೆ.

ಕರೆಂಟ್ ಅಳೆಯುವ ಬಳೆ, ಅಂದರೆ ಸಿಟಿ, ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಮುಂದಿನ ಎಲ್ಲ ಸೆಟ್ಟಿಂಗೂ ನಿಂತಿದೆ. ಮೋಟಾರಿಗೆ ಹೋಗುವ ಕೇಬಲಿನ ಒಂದೇ ತಂತಿ ಬಳೆಯೊಳಗೆ ಒಂದೇ ಸಲ ಹಾಯಬೇಕು. ಮೂರೂ ತಂತಿ ಒಟ್ಟಿಗೆ ತೂರಿಸಿದರೆ ಸೊನ್ನೆ ತೋರಿಸುತ್ತದೆ, ಒಂದೇ ತಂತಿ ಎರಡು ಸುತ್ತು ಹಾಕಿದರೆ ದುಪ್ಪಟ್ಟು. ಕೆಪಾಸಿಟರ್ ಇದ್ದರೆ ಬಳೆ ಅದರಿಂದಾಚೆಗೆ, ಮೋಟಾರಿನ ಕಡೆಗಿರಲಿ. 5 ಎಚ್‌ಪಿಗೆ ಹಾಕುವ 2 ಕೆವಿಎಆರ್ ಕೆಪಾಸಿಟರ್ ಲೈನಿನ ಆಂಪ್ಸನ್ನು ಒಂದರಷ್ಟು ಇಳಿಸಿ ತೋರಿಸುತ್ತದೆ. ಮುಂದೊಂದು ದಿನ ಅದು ಸತ್ತಾಗ ಮೋಟಾರಿನಲ್ಲಿ ಏನೂ ಬದಲಾಗದೆಯೇ ನಿಮ್ಮ ಸೆಟ್ಟಿಂಗ್ ತಪ್ಪಾಗಿ ಕೂರುತ್ತದೆ.

ಡ್ರೈ ರನ್: ಎಲ್ಲರೂ ಎಡವುವ ಜಾಗ

ಸರಿಯಾದ ವೋಲ್ಟೇಜಿನಲ್ಲಿ 5 ಎಚ್‌ಪಿ ಸಬ್‌ಮರ್ಸಿಬಲ್ ಎಳೆಯುವುದು ಹೆಚ್ಚುಕಡಿಮೆ 8ರಿಂದ 10 ಆಂಪ್ಸು. ನೀರು ಮುಗಿದು ಗಾಳಿ ಹೊಡೆಯತೊಡಗಿದರೆ ಅದು ಐದೂವರೆ-ಆರಕ್ಕೆ ಇಳಿಯುತ್ತದೆ. ಸೊನ್ನೆಗೆ ಬರುವುದಿಲ್ಲ, ಏಕೆಂದರೆ ಮೋಟಾರು ಖಾಲಿ ತಿರುಗಲಿಕ್ಕೂ ಅಷ್ಟು ಬೇಕು. ಪೆಟ್ಟಿಗೆ ಹಿಡಿಯಬೇಕಾದದ್ದು ಈ ಇಳಿತವನ್ನು. ಹಿಡಿಯದೆ ಬಿಟ್ಟರೆ, ನೀರಿನಿಂದಲೇ ತಣಿಯುವ ಮೋಟಾರು ಕಾದು ಬುಷ್, ಥ್ರಸ್ಟ್ ಬೇರಿಂಗ್ ತಿಂದು ಕೊನೆಗೆ ವೈಂಡಿಂಗಿಗೆ ಬರುತ್ತದೆ.

ಬಹಳಷ್ಟು ಪೆಟ್ಟಿಗೆಗಳಲ್ಲಿ ‘ಕಲಿಕೆ’ ಗುಂಡಿ ಇದೆ. ಮೋಟಾರು ಓಡುವಾಗ ಒತ್ತಿದರೆ ಆಗಿನ ಆಂಪ್ಸನ್ನು ನೆನಪಿಟ್ಟುಕೊಂಡು ಅದರ ಶೇ. 80ಕ್ಕೆ ಡ್ರೈ ರನ್, ಶೇ. 115-120ಕ್ಕೆ ಓವರ್‌ಲೋಡ್ ಎಂದು ತಾನೇ ಗೆರೆ ಹಾಕಿಕೊಳ್ಳುತ್ತದೆ. ತಪ್ಪುವುದು ಆ ಗುಂಡಿ ಒತ್ತುವ ಹೊತ್ತಿನಲ್ಲಿ. ಎಲ್ಲರ ಮೋಟಾರೂ ಓಡುತ್ತಿರುವಾಗ ಲೈನು 340 ವೋಲ್ಟಿಗೆ ಕುಸಿದಿರುತ್ತದೆ. ವೋಲ್ಟೇಜು ಇಳಿದರೆ ತುಂಬಿದ ಹೊರೆಯ ಮೋಟಾರು ಆಂಪ್ಸು ಹೆಚ್ಚು ಎಳೆಯುತ್ತದೆ, 11ರ ತನಕ ಹೋಗಬಹುದು. ಆಗ ಕಲಿಸಿದರೆ ಡ್ರೈ ರನ್ ಗೆರೆ 8.8ಕ್ಕೆ ಬೀಳುತ್ತದೆ. ಅದೇ ರಾತ್ರಿ ಲೈನು ಹಗುರಾಗಿ 420 ವೋಲ್ಟು ಬಂದಾಗ ಮೋಟಾರು ನೀರು ತುಂಬಿಯೇ 8.5 ಎಳೆಯುತ್ತಿರುತ್ತದೆ, ಪೆಟ್ಟಿಗೆ ಮಾತ್ರ ‘ನೀರಿಲ್ಲ’ ಎಂದು ನಿಲ್ಲಿಸುತ್ತದೆ. ಬೋರ್ ಬತ್ತಿತು ಎಂದು ಗಾಬರಿಯಾಗುವ ಮೊದಲು ಈ ಲೆಕ್ಕ ನೋಡಿ.

ಸರಿಯಾದ ವಿಧಾನ ಹೀಗೆ. ಮೂರೂ ಫೇಸ್ ನಡುವೆ 400-415 ವೋಲ್ಟು ಇರುವ ಹೊತ್ತು ಆರಿಸಿ. ಮೋಟಾರು ಹಾಕಿ 10-15 ನಿಮಿಷ ಬಿಡಿ; ಮೊದಲ ನೀರು ಮೇಲಿನ ಮಟ್ಟದಿಂದ ಬರುವಾಗಿನ ಆಂಪ್ಸು ನಂಬುವಂಥದ್ದಲ್ಲ. ಯಾವ ವಾಲ್ವುಗಳನ್ನು ತೆರೆದು ದಿನಾ ನೀರು ಬಿಡುತ್ತೀರೋ ಅವೇ ತೆರೆದಿರಲಿ. ಟಾಂಗ್ ಟೆಸ್ಟರಿನಲ್ಲಿ (ತಂತಿಯ ಸುತ್ತ ಹಿಡಿದು ಆಂಪ್ಸ್ ಅಳೆಯುವ ಮೀಟರು) ಮೂರೂ ತಂತಿ ಅಳೆದು ಪೆಟ್ಟಿಗೆ ತೋರಿಸುವ ಅಂಕಿಗೆ ತಾಳೆ ನೋಡಿ, ಆಮೇಲೆ ಕಲಿಸಿ. ಗೆರೆಯನ್ನು ಕೈಯಿಂದ ಬದಲಿಸಲು ಬರುವ ಪೆಟ್ಟಿಗೆಯಾದರೆ ನಿಜವಾದ ಡ್ರೈ ರನ್ ಆಂಪ್ಸನ್ನು ಒಮ್ಮೆ ನೋಡಿಕೊಂಡು ಎರಡರ ನಡುವೆ ಇಡಬಹುದು. ಬರೀ ಆಂಪ್ಸಿನ ಬದಲು ಪವರ್ ಫ್ಯಾಕ್ಟರನ್ನೂ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಹೋಗುತ್ತಿದೆ ಎಂಬುದು) ಸೇರಿಸಿ ಲೆಕ್ಕ ಹಾಕುವ ಪೆಟ್ಟಿಗೆಗಳು ಈ ಏರಿಳಿತಕ್ಕೆ ಅಷ್ಟಾಗಿ ಮೋಸಹೋಗುವುದಿಲ್ಲ. ಒಂದೆರಡು ಸಾವಿರ ಹೆಚ್ಚಾದರೂ ಅದು ಸಾರ್ಥಕ.

ಇನ್ನೊಂದು ಸುಳ್ಳು ಡ್ರೈ ರನ್ ಇದೆ. ಡ್ರಿಪ್ಪಿನ ಎಲ್ಲ ಗೇಟ್‌ವಾಲ್ವೂ ಮುಚ್ಚಿರುವುದು ಮರೆತು ಮನೆಯಿಂದ ಮೋಟಾರು ಹಾಕುತ್ತೀರಿ. ನೀರು ಮುಂದೆ ಹೋಗಲು ದಾರಿಯಿಲ್ಲ, ಪಂಪಿನ ಹೊರೆ ಇಳಿಯುತ್ತದೆ, ಆಂಪ್ಸೂ ಇಳಿಯುತ್ತದೆ. ಬೋರಿನಲ್ಲಿ ನೀರು ತುಂಬಿದ್ದರೂ ಪೆಟ್ಟಿಗೆಯ ಕಣ್ಣಿಗೆ ಅದು ಡ್ರೈ ರನ್ನೇ. ಅಷ್ಟರಲ್ಲಿ ಪೈಪಿನ ಜಾಯಿಂಟ್ ಹಾರಿರಲೂಬಹುದು. ದೂರದಿಂದ ಮೋಟಾರು ಹಾಕುವ ಜಾಗದಲ್ಲಿ ಪ್ರೆಷರ್ ರಿಲೀಫ್ ವಾಲ್ವ್ ಇರಲೇಬೇಕು, ಇಲ್ಲವೇ ಒಂದು ವಾಲ್ವ್ ಸದಾ ತೆರೆದಿರುವ ಪದ್ಧತಿ ಇಟ್ಟುಕೊಳ್ಳಬೇಕು.

ಗ್ಯಾಪ್ ಕೊಡುವ, ಅಂದರೆ ಸ್ವಲ್ಪ ಹೊತ್ತು ನೀರು ಕೊಟ್ಟು ನಡುವೆ ನಿಲ್ಲುವ ಬೋರುಗಳಿಗೆ ಡ್ರೈ ರನ್ ನಂಬಿ ಕೂರುವುದಕ್ಕಿಂತ ಸೈಕ್ಲಿಕ್ ಟೈಮರ್ ಮೇಲು. ಎಷ್ಟು ನಿಮಿಷಕ್ಕೆ ನೀರು ಮುರಿಯುತ್ತದೆ ಎಂದು ಎರಡು ದಿನ ಗಮನಿಸಿ. 30 ನಿಮಿಷಕ್ಕೆ ಮುರಿದರೆ 25 ಓಡಿಸಿ, 45 ನಿಲ್ಲಿಸಿ. ಒಳಗೆ ನೀರು ಸೇರಿಕೊಳ್ಳಲು ಹೊತ್ತು ಸಿಗುತ್ತದೆ, ಮೋಟಾರು ಗಾಳಿ ಹೊಡೆಯುವ ಪ್ರಸಂಗವೇ ಬರುವುದಿಲ್ಲ.

ಪ್ರಿವೆಂಟರ್ ವೋಲ್ಟೇಜು ನೋಡಿದರೆ ಸಾಲದು

ಓಡುತ್ತಿರುವಾಗ ಒಂದು ಫೇಸ್ ಹೋದರೆ ಮೋಟಾರು ನಿಲ್ಲದೆ ಉಳಿದೆರಡರಲ್ಲೇ ಎಳೆಯುತ್ತದೆ. ಅಷ್ಟೇ ಅಲ್ಲ, ಹೋದ ಫೇಸಿನ ತಂತಿಗೆ ತಾನೇ ವೋಲ್ಟೇಜು ಹುಟ್ಟಿಸಿ ಕೊಡುತ್ತದೆ. ವೋಲ್ಟೇಜು ಮಾತ್ರ ಅಳೆಯುವ ಪ್ರಿವೆಂಟರಿಗೆ ಮೂರೂ ಇದ್ದಂತೆಯೇ ಕಾಣುತ್ತದೆ, ಅಷ್ಟರಲ್ಲಿ ವೈಂಡಿಂಗ್ ಹೊಗೆಯಾಡಿರುತ್ತದೆ. ಹಾಗಾಗಿ ಕನಿಷ್ಠ ಎರಡು ಫೇಸಿಗೆ ಸಿಟಿ ಬಳೆ ಇರುವ ಪೆಟ್ಟಿಗೆ ಬೇಕು. ಒಂದೇ ಬಳೆಯದ್ದು ಅರ್ಧ ಕಾವಲು.

ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾದ ಮೇಲೆ, ಲೈನ್ ಕೆಲಸ ನಡೆದ ಮೇಲೆ ‘ರಿವರ್ಸ್ ಫೇಸ್’ ಎಂದು ಪೆಟ್ಟಿಗೆ ಹಟ ಹಿಡಿದರೆ ಅದನ್ನು ಬೈಯಬೇಡಿ. ಫೇಸಿನ ಸರದಿ ನಿಜವಾಗಿಯೂ ತಿರುಗಿರುತ್ತದೆ. ಒಳಬರುವ ಯಾವುದಾದರೂ ಎರಡು ತಂತಿಯನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಸರದಿ ನೋಡದ ಪೆಟ್ಟಿಗೆಯಿದ್ದರೆ ಪಂಪು ಹಿಮ್ಮುಖ ತಿರುಗಿ ಅರ್ಧ ನೀರು ಕೊಡುತ್ತಾ ಇರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಸಿಮ್ಮೇ ಅರ್ಧ ದೂರಿಗೆ ಮೂಲ

ಪೆಟ್ಟಿಗೆ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಬರುವವುಗಳಲ್ಲಿ ಬಹಳಷ್ಟಕ್ಕೆ ಏನೂ ಆಗಿರುವುದಿಲ್ಲ. ಸಿಮ್ಮಿನ ವ್ಯಾಲಿಡಿಟಿ ಮುಗಿದಿರುತ್ತದೆ. ಈಗ ಒಳಬರುವ ಕಾಲಿಗೂ ರೀಚಾರ್ಜ್ ಬೇಕು. ಡೇಟಾ ಬೇಡದ ಕಾಲ್-ಪೆಟ್ಟಿಗೆಗೆ ಡೇಟಾ ಪ್ಲಾನ್ ಹಾಕಿ ದುಡ್ಡು ಕಳೆಯುವುದೂ ಬೇಡ. ಡೇಟಾ ಇಲ್ಲದ, ಕಾಲ್-ಎಸ್ಸೆಮ್ಮೆಸ್ ಮಾತ್ರದ ಪ್ಲಾನ್ ಕೊಡಲೇಬೇಕು ಎಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಆ ಪ್ಲಾನಿನ ಅವಧಿ 365 ದಿನದವರೆಗೂ ಇರಬಹುದು. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಹಾಕಿಸಿಬಿಟ್ಟರೆ ನೆನಪಿಡುವುದು ಸುಲಭ.

2ಜಿ ಪೆಟ್ಟಿಗೆಗೆ ಜಿಯೋ ಸಿಮ್ ಹಾಕಬೇಡಿ, ಜಿಯೋಗೆ 2ಜಿ ಜಾಲವೇ ಇಲ್ಲ. ‘4ಜಿ’ ಎಂದು ಬರೆದಿದ್ದರೂ ಕೆಲವು ಮೋಡೆಮ್ಮಿಗೆ ವೋಲ್ಟಿ (4ಜಿ ಜಾಲದಲ್ಲೇ ಕಾಲ್ ಮಾಡುವ ವ್ಯವಸ್ಥೆ) ಇರುವುದಿಲ್ಲ. ಅಂಥದ್ದರಲ್ಲಿ ಆ್ಯಪ್ ನಡೆಯುತ್ತದೆ, ಕಾಲ್ ನಡೆಯುವುದಿಲ್ಲ. ಹೊಸದಾಗಿ ಕೊಳ್ಳುವವರು 2ಜಿಗೆ ಕೈಹಾಕದಿರುವುದೇ ಒಳ್ಳೆಯದು, ಪೆಟ್ಟಿಗೆ ಏಳೆಂಟು ವರ್ಷ ಬಾಳಬೇಕಾದದ್ದು. ಸಿಮ್ಮನ್ನು ಮೊದಲು ಸಾಮಾನ್ಯ ಫೋನಿಗೆ ಹಾಕಿ ಪಿನ್ ಲಾಕ್ ತೆಗೆದು, ಕಾಲ್ ಫಾರ್ವರ್ಡ್ ರದ್ದು ಮಾಡಿ, ಹಳೇ ಮೆಸೇಜು ಅಳಿಸಿ, ಒಂದು ಕಾಲ್ ಮಾಡಿ ನೋಡಿ ಆಮೇಲೆ ಪೆಟ್ಟಿಗೆಗೆ ಹಾಕಿ. ಎಸ್ಸೆಮ್ಮೆಸ್ ಮೇಲೆ ನಡೆಯುವ ಹಳೇ ಮಾದರಿಗಳಲ್ಲಿ ಜಾಹೀರಾತಿನ ಮೆಸೇಜುಗಳಿಂದಲೇ ಸಿಮ್ ತುಂಬಿ, ನಿಮ್ಮ ಆಜ್ಞೆಗೆ ಜಾಗವಿಲ್ಲದಂತಾಗುತ್ತದೆ.

ಮನೆಯವರ ನಂಬರುಗಳನ್ನು ನೋಂದಾಯಿಸಿ, ಬೇರೆ ನಂಬರಿಗೆ ಬಾಗಿಲು ಮುಚ್ಚಿ. ಮಿಸ್ಡ್ ಕಾಲ್ ಪೆಟ್ಟಿಗೆಗೆ ಈ ಬಾಗಿಲು ಇಲ್ಲದಿದ್ದರೆ ಸಾಲ ಬೇಕೇ ಎಂದು ಕೇಳುವ ಯಾವುದೋ ಕಾಲಿಗೆ ನಿಮ್ಮ ಮೋಟಾರು ಏಳುತ್ತದೆ.

ಸಿಗ್ನಲ್ ಅನ್ನು ಪೆಟ್ಟಿಗೆ 0ರಿಂದ 31ರ ಅಂಕಿಯಲ್ಲಿ ಹೇಳುತ್ತದೆ. 15ರ ಮೇಲಿದ್ದರೆ ನೆಮ್ಮದಿ, 10ಕ್ಕಿಂತ ಕೆಳಗಾದರೆ ಇಂದು ಸಿಕ್ಕರೆ ನಾಳೆ ಇಲ್ಲ. ಕಂಬಿಯಂಥ ಆಂಟೆನಾವನ್ನು ತಗಡಿನ ಪೆಟ್ಟಿಗೆಯೊಳಗೇ ಬಿಟ್ಟರೆ ಸಿಗ್ನಲ್ ಸಾಯುತ್ತದೆ. ಮೂರು ಮೀಟರ್ ವೈರಿನ ಆಂಟೆನಾ ತಂದು ಹೊರಗೆ ಎತ್ತರಕ್ಕೆ ಕಟ್ಟಿ. ಕಣಿವೆಯ ತೋಟದಲ್ಲಿ ಫೋನಿಗೇ ಒಂದು ಗೆರೆ ಸಿಗದಿದ್ದರೆ ಈ ಸಾಧನದ ಆಸೆ ಬಿಡುವುದು ಒಳ್ಳೆಯದು.

ಟಿಸಿಯ ಮೇಲೆ ಎಲ್ಲರ ಹೊರೆ

ಕರೆಂಟ್ ಬಂದ ಕೂಡಲೇ ತಾನಾಗಿ ಏಳುವ ಆಟೊ ಮೋಡ್ ಇದರಲ್ಲೂ ಇದೆ. ಇದನ್ನು ಯೋಚಿಸಿ ಬಳಸಬೇಕು. 63 ಕೆವಿಎ ಟಿಸಿಯ ತಾಕತ್ತು ಫೇಸಿಗೆ ಸುಮಾರು 84 ಆಂಪ್ಸು. ಅದರ ಕೆಳಗೆ 5 ಎಚ್‌ಪಿಯ ಎಂಟು ಮೋಟಾರು ಓಡಿದರೆ 72, ಹೇಗೋ ಹೊರುತ್ತದೆ. ಆದರೆ ಡಿಒಎಲ್‌ನಲ್ಲಿ ಏಳುವ ಕ್ಷಣ ಪ್ರತಿ ಮೋಟಾರೂ ಐದಾರು ಪಟ್ಟು ಎಳೆಯುತ್ತದೆ. ಎಂಟೂ ಒಂದೇ ಸೆಕೆಂಡಿಗೆ ಎದ್ದರೆ 400 ಆಂಪ್ಸು. ವೋಲ್ಟೇಜು ಕುಸಿದು ಯಾವುದೂ ಸರಿಯಾಗಿ ಏಳುವುದಿಲ್ಲ, ಟಿಸಿಯ ಫ್ಯೂಸು ಹಾರುತ್ತದೆ, ಲೈನ್‌ಮ್ಯಾನ್ ಬರುವ ತನಕ ಎಲ್ಲರ ಹೊಲವೂ ಒಣ. ಒಂದು ಟಿಸಿಯ ರೈತರು ಕೂತು ಮಾತಾಡಿ ಒಬ್ಬರು 3 ನಿಮಿಷ, ಇನ್ನೊಬ್ಬರು 4, ಮತ್ತೊಬ್ಬರು 5 ಎಂದು ಆನ್ ವಿಳಂಬ ಹಂಚಿಕೊಂಡರೆ ಖರ್ಚಿಲ್ಲದೆ ಇದು ತಪ್ಪುತ್ತದೆ. ಮೂರಕ್ಕಿಂತ ಕಡಿಮೆ ಯಾರೂ ಇಡಬೇಡಿ: ಮೋಟಾರು ನಿಂತಾಗ ಪೈಪಿನಲ್ಲಿದ್ದ ನೀರು ಕೆಳಗಿಳಿಯುತ್ತಾ ಪಂಪನ್ನು ಹಿಮ್ಮುಖ ತಿರುಗಿಸಬಹುದು, ಆ ಹೊತ್ತಿಗೇ ಮತ್ತೆ ಹಾಕಿದರೆ ಶಾಫ್ಟ್ ಮುರಿಯುತ್ತದೆ.

ಆಟೊ ಜೊತೆಗೆ ಓಟದ ಮಿತಿಯನ್ನೂ ಇಡಿ. ಮಡಿ ತುಂಬಲು ಎರಡು ಗಂಟೆ ಸಾಕಾದಲ್ಲಿ ರಾತ್ರಿಯಿಡೀ ಹರಿದರೆ ಗೊಬ್ಬರ ತೊಳೆದುಹೋಗುತ್ತದೆ, ಬೇರು ಕೊಳೆಯುತ್ತದೆ, ಬೋರಿನ ನೀರೂ ಮುಗಿಯುತ್ತದೆ.

ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಬೋರುಗಳಿಗೂ ಇದು ಹೇಳಿ ಮಾಡಿಸಿದ್ದು. ಮೂರು ದಿಕ್ಕಿನ ನಾಲ್ಕು ಬೋರಿಗೆ ಓಡಾಡುವ ನೀರುಗಂಟಿಯ ದಿನದ ಅರ್ಧ ಉಳಿಯುತ್ತದೆ. ಅಲ್ಲಿ ಟ್ಯಾಂಕ್ ತುಂಬಿದ್ದನ್ನು ಹೇಳುವ ಫ್ಲೋಟ್ ಸ್ವಿಚ್ ಜೋಡಿಸಲು ಬರುವ ಮಾದರಿ ಬೇಕು, ಇಲ್ಲದಿದ್ದರೆ ಓವರ್‌ಹೆಡ್ ಟ್ಯಾಂಕ್ ಉಕ್ಕಿ ಹರಿಯುತ್ತದೆ.

ಬಿಸಿಲು, ಸಿಡಿಲು, ಇರುವೆ

ಪೆಟ್ಟಿಗೆಯನ್ನು ಪಡುವಣ ಬಿಸಿಲಿಗೆ ಮುಖ ಮಾಡಿ ಹೊಡೆಯಬೇಡಿ. ಡಿಸ್‌ಪ್ಲೇ ಕಪ್ಪಾಗುತ್ತದೆ, ಒಳಗಿನ ಬ್ಯಾಟರಿ ಊದಿಕೊಳ್ಳುತ್ತದೆ. ಆ ಬ್ಯಾಟರಿಯೇ ಕರೆಂಟ್ ಹೋದ ಸುದ್ದಿ ಹೇಳುವುದು, ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಕೊಳ್ಳುವಾಗಲೇ ಅದು ಬಿಡಿಯಾಗಿ ಸಿಗುತ್ತದೆಯೇ ಕೇಳಿ. ಭರಣಿ, ಕೃತ್ತಿಕೆ ಮಳೆಯ ಸಿಡಿಲಿಗೆ ಮೊದಲು ಬಲಿಯಾಗುವುದು ಪವರ್ ಸಪ್ಲೈ ಮತ್ತು ಮೋಡೆಮ್. ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ಅರ್ತಿಗೆ ಇಳಿಸುವ ಸರ್ಜ್ ಅರೆಸ್ಟರ್ ಹಾಕಿದರೂ ಅರ್ತ್ ಗುಂಡಿಗೆ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ. ಮೋಡ ಕಟ್ಟುವಾಗಲೇ, ಗುಡುಗು ಶುರುವಾಗುವ ಮುನ್ನ, ಮೇನ್ ಇಳಿಸಿಬರುವುದು ಈಗಲೂ ನಂಬಬಹುದಾದ ಉಪಾಯ.

ಇರುವೆ, ಹಲ್ಲಿ ಕಾಂಟ್ಯಾಕ್ಟರಿನ ಪಾಯಿಂಟಿನ ನಡುವೆ ಸಿಕ್ಕರೆ ಗುರ್ ಎಂಬ ಸದ್ದು ಬಂದು ಕಾಯಿಲ್ ಸುಡುತ್ತದೆ. ಮನೆಯಲ್ಲಿ ಕೂತವರಿಗೆ ಆ ಸದ್ದು ಕೇಳುವುದಿಲ್ಲ, ಇದು ದೂರದ ಕಂಟ್ರೋಲಿನ ನಿಜವಾದ ನಷ್ಟ. ಕೇಬಲ್ ಒಳಹೋಗುವ ತೂತುಗಳಿಗೆ ಗ್ಲ್ಯಾಂಡ್ ಹಾಕಿ, ಉಳಿದ ಸಂದಿಗೆ ಎಂ-ಸೀಲ್ ಮೆತ್ತಿ, ತಿಂಗಳಿಗೊಮ್ಮೆ ಹೋಗಿ ಬಾಗಿಲು ತೆರೆದು ನೋಡಿ. ಕಾಂಟ್ಯಾಕ್ಟರಿನ ಪಾಯಿಂಟೇ ಬೆಸೆದುಕೊಂಡರೆ ಯಾವ ಮೊಬೈಲ್ ಪೆಟ್ಟಿಗೆಯೂ ಮೋಟಾರು ನಿಲ್ಲಿಸಲಾರದು. ಆದರೆ ಸಿಟಿ ಇರುವ ಪೆಟ್ಟಿಗೆ ಆಫ್ ಕೊಟ್ಟ ಮೇಲೂ 9 ಆಂಪ್ಸ್ ಹರಿಯುತ್ತಿದೆ ಎಂದು ಹೇಳುತ್ತದೆ, ಕುರುಡು ಪೆಟ್ಟಿಗೆ ಆಫ್ ಆಯಿತೆಂದು ಹೇಳಿ ಮಲಗಿಸುತ್ತದೆ.

ಕೊನೆಯದಾಗಿ ಬಾಗಿಲಿನ ಒಳಬದಿಗೆ ಅಂಟಿಸಬೇಕಾದ ಕಾಗದ. ಸಿಮ್ಮಿನ ನಂಬರು, ರೀಚಾರ್ಜ್ ಮುಗಿಯುವ ತಾರೀಖು, ಕಲಿಸಿದ ದಿನದ ವೋಲ್ಟು ಮತ್ತು ಆಂಪ್ಸು, ಆನ್ ವಿಳಂಬದ ನಿಮಿಷ, ಯಾರ ಯಾರ ನಂಬರು ನೋಂದಾಯಿಸಿದೆ ಎಂಬ ಪಟ್ಟಿ. ಮೇಲೆ ದೊಡ್ಡ ಅಕ್ಷರದಲ್ಲಿ: ‘ಈ ಮೋಟಾರು ಯಾವಾಗ ಬೇಕಾದರೂ ತಾನಾಗಿ ಏಳುತ್ತದೆ, ಫ್ಯೂಸ್ ಕೀಳದೆ ಕೈ ಹಾಕಬೇಡಿ.’ ಹೊಲದಲ್ಲಿ ಒಬ್ಬರು ತಂತಿ ಬಿಗಿಯುತ್ತಿರುವಾಗ ಊರಲ್ಲಿ ಇನ್ನೊಬ್ಬರು ಕಾಲ್ ಮಾಡಿ ಒಂದು ಒತ್ತಬಹುದು. ತೆರೆದ ಬಾವಿಯ ಮೋಟಾರಾದರೆ ಅದೇ ಬರಹವನ್ನು ಬಾವಿಯ ಕಟ್ಟೆಯ ಮೇಲೂ ಬಣ್ಣದಲ್ಲಿ ಬರೆಸಿ.